ಟಿಚ್ ಬಟನ್ನಿನ ಆರ್‌ಎನ್‌ಎ

ಹೊಳೆನರಸೀಪುರದ ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಮೇಡಂ. ಅಲ್ಲಾಡುವುದೇನಾದರೂ ಕಣ್ಣಿಗೆ ಬಿದ್ದರೆ ಅಂಟಿಸದೆ ಬಿಡುವವಳಲ್ಲ.

ಕಳೆದ ವರ್ಷ ಹಾಸನದ ವಿಜ್ಞಾನ ಪ್ರದರ್ಶನಕ್ಕೆಂದು ನನ್ನ ವಿದ್ಯಾರ್ಥಿನಿಯೊಬ್ಬಳು ಆರ್‌ಎನ್‌ಎ ಮಾದರಿ ಮಾಡಿದ್ದಳು. ಪ್ರೋಟೀನು ತಯಾರಿಸುವ ಸಂದೇಶ ಹೊತ್ತ, ದಾರದಂಥ ಅಣು ಅದು. ಅವಳ ತಾಯಿ ಬ್ಲೌಸ್ ಹೊಲಿಯುವವರು. ಉದ್ದನೆಯ ಬಟ್ಟೆಪಟ್ಟಿಗೆ ಸಾಲಾಗಿ ಟಿಚ್ ಬಟನ್ ಹೊಲಿದು ತಂದಿದ್ದಳು. ಒಂದು ರೀತಿ ಒತ್ತಿದರೆ ಪಟ್ಟಿ ಕುಣಿಕೆಯಾಗುತ್ತಿತ್ತು, ಬಿಚ್ಚಿ ಇನ್ನೊಂದು ರೀತಿ ಒತ್ತಿದರೆ ಬೇರೆಯದೇ ಆಕಾರ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಪುಟ್ಟ ಅಣುವೊಂದು ಬಂದು ಕೂತರೆ ಆರ್‌ಎನ್‌ಎ ಹೀಗೇ ಮಡಿಕೆ ಬದಲಿಸಿ, ಪ್ರೋಟೀನು ಇನ್ನೂ ಬೇಕೋ ಸಾಕೋ ಎಂದು ತೀರ್ಮಾನಿಸುತ್ತದೆ. ರಾಜ್ಯಮಟ್ಟಕ್ಕೆ ಆಯ್ಕೆಯಾಗಲೇಬೇಕೆಂದು ಹುಡುಗಿ ತಿಂಗಳಿಡೀ ಒದ್ದಾಡಿದ್ದಳು.

ನಾನೋ, ಬಸ್ಸಿನ ಕುಲುಕಾಟಕ್ಕೆ ಹೆದರಿ, ಹಿಂದಿನ ಸಂಜೆ ಅವಳು ಮನೆಗೆ ಹೋದ ಮೇಲೆ ಪಟ್ಟಿಯನ್ನು ಪಠ್ಯಪುಸ್ತಕದ ಚಿತ್ರದಂತೆ ಮಡಿಸಿ ರಟ್ಟಿಗೆ ಅಂಟಿಸಿಬಿಟ್ಟೆ. ಸುತ್ತ ಜರಿ ಅಂಚು ಬೇರೆ! ನಮ್ಮ ಕಾಲೇಜಿನಲ್ಲಿ ರಟ್ಟಿಗೆ ಅಂಟದ ವಿಜ್ಞಾನಕ್ಕೆ ಮರ್ಯಾದೆಯಿಲ್ಲ.

ಹಾಸನದಲ್ಲಿ ಹೊದಿಕೆ ತೆಗೆದವಳೇ ಹುಡುಗಿ ಬಿಳಿಚಿಕೊಂಡಳು.

"ಮಿಸ್, ಇದು ಅಳ್ಳಾಡ್ಬೇಕಿತ್ತಲ್ವಾ ಮಿಸ್? ಅಳ್ಳಾಡೋದೇ ಅಲ್ವಾ ಅದ್ರ ಕೆಲ್ಸ?"

"ಈಗ ಎಷ್ಟು ಲಕ್ಷಣವಾಗಿದೆ ನೋಡು," ಎಂದೆ, ನಾಚಿಕೆಯಿಲ್ಲದೆ.

ಅಷ್ಟರಲ್ಲಿ ತೀರ್ಪುಗಾರರು ಬಂದರು. "ಎಲ್ಲಿ, ಆಕಾರ ಬದಲಾಗೋದು ತೋರ್ಸಮ್ಮ."

ಅವಳು ಪಟ್ಟಿ ಎಳೆದಳು. ರಟ್ಟೂ ಜೊತೆಗೇ ಎದ್ದು ಬಂತು. ಪಕ್ಕದ ಮೇಜಿನವರು ಕಿಸಕ್ಕೆಂದರು. ಅವಳ ಒಂದು ತಿಂಗಳ ಕೆಲಸವನ್ನು ಅರ್ಧ ಬಾಟಲಿ ಅಂಟಿನಲ್ಲಿ ಹಾಳು ಮಾಡಿದ್ದೆ.

"ಅಂಟಿಸಿದ್ದು ನಾನು ಸಾರ್" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಜಡೆಯ ರಿಬ್ಬನ್ ಸರ್ರನೆ ಬಿಚ್ಚಿದಳು. "ಮಿಸ್, ನಿಮ್ ಸೀರೆ ಪಿನ್ನೆಲ್ಲಾ ಕೊಡಿ. ಬೇಗ!"

ಇದ್ದಬದ್ದ ಪಿನ್ನೆಲ್ಲ ಕಿತ್ತು ಕೊಟ್ಟು, ಎರಡೂ ಕೈಯಲ್ಲಿ ಸೆರಗು ನೆರಿಗೆ ಅವುಚಿಕೊಂಡು ನಿಂತೆ. ಅವಳು ರಿಬ್ಬನ್ ಮಡಿಸಿ ಪಿನ್ನು ಚುಚ್ಚಿ, ಪುಟ್ಟ ಅಣುವಿನ ಬದಲು ತನ್ನ ಕಿವಿಯ ಓಲೆಯನ್ನೇ ಬಿಚ್ಚಿ ಅದರಲ್ಲಿಟ್ಟಳು.

"ಇದು ಬಂದು ಕೂತ್ರೆ ಇಲ್ಲಿ ಬಿಚ್ಕಳ್ತದೆ ಸಾ, ಅಲ್ಲಿ ಕೂಡ್ಕಳ್ತದೆ. ಆಗ ಪ್ರೋಟೀನ್ ಮಾಡೋದು ನಿಂತೋಯ್ತದೆ."

ತೀರ್ಪುಗಾರರು ಎರಡು ಸಲ ಮಾಡಿಸಿ ನೋಡಿ, ಅಲ್ಲೇ ಅವಳ ಹೆಸರನ್ನು ರಾಜ್ಯಮಟ್ಟದ ಪಟ್ಟಿಗೆ ಬರೆದುಕೊಂಡರು. "ಇಷ್ಟು ಚೆನ್ನಾಗಿ ಹೇಳಿಕೊಟ್ಟವರು ಯಾರಮ್ಮ?"

"ನಮ್ ಮಿಸ್ಸು ಸಾ," ಎಂದು ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಕೊಂಕಿನ ಸುಳಿವೂ ಇರಲಿಲ್ಲ. ಅದಕ್ಕೇ ನನಗೆ ಅಳು ಬಂತು.