ಸೋಫುಸನ ಬೆಳ್ಳಿ ಟಿಟ್ಟಿಭ

"ನನ್ನ ಕಣ್ಣು ತಪ್ಪಿಸಿರೋ ಬೆಳ್ಳಿ ಇನ್ನೂ ಗಣಿಯಿಂದ ಹೊರಗೇ ಬಂದಿಲ್ಲ. ನನ್ನ ಮುಷ್ಟಿಗೆ ಬಿದ್ದಿದ್ದು ವಾಪಸ್ಸು ಹೋಗಿದ್ದೂ ಇಲ್ಲ!"

ಸೋಫುಸನ ಈ ಮಾತನ್ನು ಕೇಳದವರು ಸ್ವೆನ್‌ಬೋರ್ ಊರಿನಲ್ಲಿ ಯಾರೂ ಇರಲಿಲ್ಲ. ಬಂದರಿನ ಕಡಲಹಕ್ಕಿಗಳಿಗೂ ಅದು ಬಾಯಿಪಾಠವಾಗಿತ್ತು. ನಲವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಕೊನೆಯ ಸೀಟಿನಲ್ಲಿ ಕುಳಿತ ಹೆಂಗಸಿನ ಓಲೆ ಯಾರ ಕೈಕೆಲಸ, ಯಾವ ಇಸವಿಯದು ಎಂಬುದನ್ನು ಕನ್ನಡಿಯಲ್ಲೇ ನೋಡಿ ಹೇಳುತ್ತಿದ್ದ. ಎದುರಿಗೆ ಬರುವ ಲಾರಿ ಮಾತ್ರ ಆಗೊಮ್ಮೆ ಈಗೊಮ್ಮೆ ಕಾಣಿಸುತ್ತಿರಲಿಲ್ಲ.

ಸಿಕ್ಕ ಸಿಕ್ಕ ಬೆಳ್ಳಿಗೆಲ್ಲ ಅವನು ಕೈ ಚಾಚುವವನಲ್ಲ. ಒಡವೆಯ ಬೆನ್ನಿನಲ್ಲಿ ಅಪ್ಪಟ ಬೆಳ್ಳಿಯೆಂದು ಸಾರುವ ಒಂಬೈನೂರ ಇಪ್ಪತ್ತೈದರ ಮುದ್ರೆ ಇರಬೇಕು, ಪಕ್ಕದಲ್ಲಿ ಅದನ್ನು ಕಲ್ಪಿಸಿ ಮಾಡಿದವನ ಹೆಸರಿನ ಎರಡಕ್ಷರ ಇರಬೇಕು. ಅವುಗಳಲ್ಲೂ ಅವನ ನಿದ್ದೆ ಕೆಡಿಸಿದ್ದು ಆಸ್ಗರ್ ಲುಂಡ್ರುಪ್ ಎಂಬ ಅಕ್ಕಸಾಲಿಯ ನಾಲ್ಕು ಹಕ್ಕಿಗಳು. ಕೋಟಿಗೆ ಚುಚ್ಚಿಕೊಳ್ಳುವ ಬ್ರೋಚುಗಳು: ಹಂಸ, ಕೊಕ್ಕರೆ, ಗೂಬೆ, ಟಿಟ್ಟಿಭ. ಒಂದೊಂದನ್ನೂ ಆರೇ ಆರು ಮಾಡಿ ಆಸ್ಗರ್ ಕುಲುಮೆ ಆರಿಸಿಬಿಟ್ಟಿದ್ದ. ಮೂರು ಹಕ್ಕಿ ಸೋಫುಸನ ಬಳಿ ಇದ್ದವು. ಇಪ್ಪತ್ತೇಳು ವರ್ಷದ ಹಿಂದೆ, ಬೆಳಗಿನ ಬಸ್ಸಿಗೆ ದಿನಾ ಹತ್ತುತ್ತಿದ್ದ ಒಬ್ಬ ಟೀಚರಮ್ಮನ ಕೋಟಿನ ಮೇಲೆ ಅವನು ಟಿಟ್ಟಿಭ ಕಂಡಿದ್ದ. ಸೇತುವೆಯ ಮೇಲೆ ಬಿಸಿಲು ಬಿದ್ದಾಗ ಹಕ್ಕಿ ಈಗ ಹಾರೀತು, ಈಗ ಹಾರೀತು ಎನ್ನಿಸುತ್ತಿತ್ತು. ಒಂದು ವಸಂತದಲ್ಲಿ ಟೀಚರಮ್ಮ ಬಸ್ಸಿಗೆ ಬರಲಿಲ್ಲ. ಅಂದಿನಿಂದ ಅವನ ಹುಡುಕಾಟ ಶುರುವಾಯಿತು.

ಹೆಂಡತಿ ರಿಗ್ಮೋರ್‌ಗೆ ಹಕ್ಕಿಗಳ ಮೇಲೆ ದ್ವೇಷವೇನಿರಲಿಲ್ಲ, ಜಾಗ ಇರಲಿಲ್ಲ ಅಷ್ಟೆ. ಹಿಟ್ಟಿನ ಡಬ್ಬಿಗೆ ಕೈಹಾಕಿದರೆ ಬಳೆ, ಮೊಟ್ಟೆಯ ಬಟ್ಟಲಲ್ಲಿ ಉಂಗುರ. ಒಂದು ಸಲ ರೈ ರೊಟ್ಟಿ ಕಚ್ಚಿದಾಗ ಬಾಯಿಗೆ ಓಲೆ ಸಿಕ್ಕಿತು. ಓಲೆಗೆ ಏನೂ ಆಗಲಿಲ್ಲ, ಹಲ್ಲು ಹೋಯಿತು.

"ಕ್ರಿಸ್‌ಮಸ್ ಕಳಿಯೋ ತನಕ ಈ ಮನೇಲಿ ಇನ್ನೊಂದು ಚೂರು ಬೆಳ್ಳಿ ಇರಕೂಡದು. ಮಾತು ಕೊಡು," ಎಂದಳು.

ಸೋಫುಸ್ ಮಾತು ಕೊಟ್ಟ. ಮೂರನೆಯ ದಿನವೇ ಇಗರ್ಜಿಯ ನೆಲಮಾಳಿಗೆಯ ಹಳೇ ಸಾಮಾನಿನ ಸಂತೆಯಲ್ಲಿ, ಕಿಟಕಿಯ ಪರದೆ ನೇತುಹಾಕುವ ಬಳೆಗಳ ತಗಡಿನ ಡಬ್ಬಿಯೊಳಗೆ, ಟಿಟ್ಟಿಭ ಅವನನ್ನು ನೋಡಿ ಕತ್ತು ಕೊಂಕಿಸಿತು. ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಮೇಲಿದ್ದ ಪಾದ್ರಿ ಗಂಟೆ ಹೊಡೆಯಿತೆಂದು ಪ್ರಾರ್ಥನೆ ಶುರುಮಾಡಿರಬೇಕು. ಆದರೆ ಸೋಫುಸನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಪರದೆ ಬಳೆ ಬೇಕಿತ್ತು," ಎಂದು ಆಕಳಿಸುತ್ತ ಇಡೀ ಡಬ್ಬಿಯನ್ನೇ ಕೊಂಡ.

ಈಗ ಬಚ್ಚಿಡುವುದೆಲ್ಲಿ? ಭಾನುವಾರ ನಾದಿನಿ ಎಲ್ನಾಳ ಮನೆಯಲ್ಲಿ ಪೊಟ್ಟಣದಾಟವಿತ್ತು. ಡಿಸೆಂಬರ್ ಬಂದರೆ ನಮ್ಮಲ್ಲಿ ಇದನ್ನು ಆಡದ ಮನೆಯಿಲ್ಲ. ಮನೆಯ ಬೇಡದ ಸಾಮಾನನ್ನೆಲ್ಲ ಕಾಗದ ಸುತ್ತಿ ಮೇಜಿನ ಮೇಲೆ ಗುಡ್ಡೆ ಹಾಕುವುದು, ದಾಳ ಉರುಳಿಸುವುದು. ಆರು ಬಿದ್ದವರಿಗೆ ಒಂದು ಪೊಟ್ಟಣ. ಗುಡ್ಡೆ ಮುಗಿದ ಮೇಲೆ, ಆರು ಬಿದ್ದವರು ಯಾರ ಮುಂದಿನದನ್ನಾದರೂ ಕಸಿಯಬಹುದು. ಗಂಟೆ ಬಾರಿಸುವ ತನಕ ಯಾರೂ ಬಿಚ್ಚುವಂತಿಲ್ಲ. ಬಾರಿಸಿದ ಮೇಲೆ ಯಾರೂ ವಾಪಸ್ಸು ಕೇಳುವಂತಿಲ್ಲ. ರಿಗ್ಮೋರ್ ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಬುಟ್ಟಿಯಲ್ಲಿ ಇಟ್ಟಿದ್ದಳು. ತಾನೇ ಕಟ್ಟಿದ್ದನ್ನು ಯಾರು ಬಿಚ್ಚಿ ನೋಡುತ್ತಾರೆ? ಸೋಫುಸ್ ಹಕ್ಕಿಯನ್ನು ಬೆಂಕಿಪೊಟ್ಟಣದಲ್ಲಿ ಮಲಗಿಸಿ, ನಿಧನ ವಾರ್ತೆಯ ಪುಟ ಸುತ್ತಿ, ಬುಟ್ಟಿಯ ತಳಕ್ಕೆ ಸೇರಿಸಿದ. ಭಾನುವಾರ ಹೊರಡುವಾಗ ತೆಗೆದರಾಯಿತು. ತನ್ನ ಬುದ್ಧಿಗೆ ತಾನೇ ಬೆರಗಾದ.

ಭಾನುವಾರ ಅವನು ಸ್ನಾನ ಮುಗಿಸಿ ಬಂದಾಗ ಬುಟ್ಟಿ ಇರಲಿಲ್ಲ. ಒಂದು ಚೀಟಿಯಿತ್ತು: "ಎಲ್ನಾಗೆ ಒಲೆ ಮುಂದೆ ಕೈ ಬೇಕಂತೆ. ಮುಂಚೆ ಹೋಗಿದೀನಿ."

ಅವನು ಕೋಟಿನ ಗುಂಡಿಯನ್ನು ಓಡುತ್ತಲೇ ಹಾಕಿಕೊಂಡ. ಹೋಗಿ ತಲುಪುವಷ್ಟರಲ್ಲಿ ಪೊಟ್ಟಣಗಳು ಮೇಜಿನ ನಡುವೆ ಗುಡ್ಡೆಯಾಗಿ ಬಿದ್ದಿದ್ದವು. ಸುತ್ತ ಬಿಸಿ ವೈನು, ಗುಳಿಕಾವಲಿಯಿಂದ ಆಗ ತಾನೆ ಇಳಿಸಿದ ಎಬ್ಲೆಸ್ಕಿವರ್, ನಗು. ಎಲ್ನಾಳ ಗಂಡ ಪ್ರೆಬೆನ್, ಹೊತ್ತಾದಾಗ ತಾನೇ ಬಾರಿಸುವ ಅಡಿಗೆಮನೆಯ ಗಂಟೆಗೆ ಕೀ ಕೊಟ್ಟು, ಯಾರಿಗೂ ಮುಳ್ಳು ಕಾಣದಂತೆ ಕೈಗವುಸಿನೊಳಗೆ ತುರುಕುತ್ತಿದ್ದ. ತೊಂಬತ್ತೆರಡರ ಅತ್ತೆ ಆಲ್ಫ್‌ಹಿಲ್ಡ್ ದಾಳವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ಬಾಯಿಬಿಟ್ಟರೆ ರಿಗ್ಮೋರ್‌ಗೆ ಕೊಟ್ಟ ಮಾತು ಹೋಯಿತು; ಬಿಡದಿದ್ದರೆ ಹಕ್ಕಿ ಹೋಯಿತು. ಸೋಫುಸ್ ಕುಳಿತ. ದಾಳ ಉರುಳಿಸಿದ.

ಎರಡು. ಆಮೇಲೆ ಒಂದು. ಮತ್ತೆ ಎರಡು. ದಾಳಕ್ಕೆ ಐದಕ್ಕಿಂತ ಹೆಚ್ಚು ಮುಖವೇ ಇಲ್ಲವೇನೋ ಎಂದು ತಿರುಗಿಸಿ ಎಣಿಸಿದ. ನಿಧನ ವಾರ್ತೆಯ ಪೊಟ್ಟಣ ಅವನ ಕಣ್ಣೆದುರೇ ಪ್ರೆಬೆನ್ ಪಾಲಾಯಿತು. ಗುಡ್ಡೆ ಕರಗಿತು, ಕಸಿಯುವ ಸುತ್ತು ಬಂತು. ಇಪ್ಪತ್ತಮೂರನೆಯ ಸಲಕ್ಕೆ ಆರು ಬಿತ್ತು! ಸೋಫುಸ್ ಮೇಜಿನ ಮೇಲೆ ಅರ್ಧ ಮಲಗಿ ಪೊಟ್ಟಣ ಬಾಚಿ ಎದೆಗವಚಿಕೊಂಡ.

"ಏನ್ ಭಾವ, ನಿಧನ ವಾರ್ತೆ ಓದೋಕೆ ಇಷ್ಟು ಆತುರ?" ಎಂದಳು ಎಲ್ನಾ. "ನಿಮ್ಮ ಹೆಸರು ಬಂದಿದ್ಯಾ ಅಂತ ನೋಡ್ಕೋತೀರಾ?"

ಎಲ್ಲರೂ ನಕ್ಕರು. ಇಷ್ಟು ಆಸೆಪಟ್ಟದ್ದನ್ನು ಕಸಿಯದಿದ್ದರೆ ಆಟವೇನು ಬಂತು? ಎಲ್ನಾಗೆ ಆರು ಬಿತ್ತು, ಅವಳು ಕಸಿದಳು. ಅತ್ತೆಯ ದಾಳ ಮೇಜಿನಿಂದ ಹಾರಿ ಸೋಫಾದ ಅಡಿ ಹೋಯಿತು. ಪ್ರೆಬೆನ್ ಹೊಟ್ಟೆಯ ಮೇಲೆ ತೆವಳಿ ಒಳಗಿಂದಲೇ ಕೂಗಿದ: "ಆರು, ಅತ್ತೆ! ಆರು!"

"ಹಾಗಾದ್ರೆ ನಮ್ಮ ಅಳಿಯನ ಆ ಸುದ್ದಿ ನನಗೇ ಕೊಡ್ರಪ್ಪ," ಎಂದರು ಅತ್ತೆ.

ಮುಂದಿನ ಸರದಿ ಸೋಫುಸನದು. ದಾಳವನ್ನು ಮುಷ್ಟಿಯಲ್ಲಿ ಕುಲುಕಿದ. ಇದ್ದ ಶಕ್ತಿಯೆಲ್ಲ ಹಾಕಿ ಕುಲುಕಿದ. ಮುಷ್ಟಿ ಬಿಚ್ಚುವ ಮೊದಲೇ ಕೈಗವುಸಿನೊಳಗೆ ಗಂಟೆ ಬಾರಿಸಿತು.

ಬೆಂಕಿಪೊಟ್ಟಣದಿಂದ ಟಿಟ್ಟಿಭ ಹೊರಬಂತು. ಅತ್ತೆ ಅದನ್ನು ದೀಪಕ್ಕೆ ಹಿಡಿದು ನೋಡಿದರು. "ನೀನು ಬೆಳ್ಳಿ ಪಂಡಿತನಲ್ವೇನಪ್ಪ? ಇದು ಏನಾದ್ರೂ ಬೆಲೆ ಬಾಳುತ್ತಾ?"

ಇಲ್ಲ ಎಂದಿದ್ದರೆ, ಒಂದು ಕಟ್ಟು ಮೇಣದಬತ್ತಿಗೆ ಅದಲುಬದಲು ಮಾಡಿಕೊಳ್ಳಬಹುದಿತ್ತು. ಸೋಫುಸ್ ಬಾಯಿ ತೆರೆದ. ಮೀನು ಹಿಡಿದ ಕಥೆಯಲ್ಲಿ ಮೀನಿಗೆ ಮೂರು ಗಜ ಉದ್ದ ಕೊಡುವ ನಾಲಿಗೆ, ಬೆಳ್ಳಿಯ ಎದುರಿಗೆ ಸುಳ್ಳಿಗೆ ಹೊರಳಲಿಲ್ಲ.

"ಬಾಳುತ್ತೆ, ಅತ್ತೆ," ಎಂದ.

"ಹಾಗಾದ್ರೆ ಚೆನ್ನಾಗಿ ಉಜ್ಜಬೇಕು." ಅತ್ತೆ ಕೈಚೀಲದಿಂದ ಹಲ್ಲುಪುಡಿ ತೆಗೆದರು. ಅವರ ಕೈಚೀಲದಲ್ಲಿ ಅದು ಸದಾ ಇರುತ್ತಿತ್ತು. ಕಟ್ಟಿಸಿಕೊಂಡ ಹಲ್ಲು ಅಷ್ಟು ಹೊಳೆಯುವುದು ಊರಲ್ಲಿ ಬೇರೆ ಯಾರದೂ ಇಲ್ಲ.

"ಅತ್ತೆ, ಬೇಡಿ! ರೆಕ್ಕೆ ಸಂದೀಲಿರೋ ಕಪ್ಪು ಕೊಳೆಯಲ್ಲ, ನೆರಳು. ಮಾಡಿದವನು ಬೇಕು ಅಂತಲೇ ಇಟ್ಟಿರೋದು!"

"ನೆರಳಂತೆ! ನಮ್ಮನೆ ಕಿಟಕಿ ಮೇಲೂ ಇಂಥ ನೆರಳು ಬೇಕಾದಷ್ಟಿದೆ, ಬಂದು ನೋಡು." ಅತ್ತೆ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿ ಉಜ್ಜಿದರು. ಮೊದಲು ಜುಟ್ಟು, ಆಮೇಲೆ ರೆಕ್ಕೆ, ಆಮೇಲೆ ಕಣ್ಣು. ಸೋಫುಸ್ ಅಂಗೈಯಲ್ಲಿ ದಾಳ ಹಿಡಿದು ಕುಳಿತೇ ಇದ್ದ. ಆಸ್ಗರ್ ಲುಂಡ್ರುಪ್ ಒಂದೊಂದು ಗರಿಗೂ ಕೊಟ್ಟಿದ್ದ ನೆರಳು ಕರವಸ್ತ್ರಕ್ಕೆ ಬಂತು. ಹಕ್ಕಿ ಹೊಸ ಚಮಚದಂತೆ ಫಳಫಳ ಹೊಳೆಯಿತು. ಇನ್ನು ಹಾರುವಂತೆ ಕಾಣಲಿಲ್ಲ. ಅತ್ತೆ ಅದನ್ನು ಸ್ವೆಟರಿಗೆ ಚುಚ್ಚಿಕೊಂಡು ಸುತ್ತ ಎಲ್ಲರಿಗೂ ತೋರಿಸಿದರು. "ನನಗೆ ಯಾರಾದ್ರೂ ಒಡವೆ ಅಂತ ಕೊಟ್ಟು ಮೂವತ್ತು ವರ್ಷ ಆಯ್ತು," ಎಂದರು. ಅದಾದ ಮೇಲೆ ಸೋಫುಸ್ ಏನು ತಾನೆ ಕೇಳಿಯಾನು?

ನಾಲ್ಕಕ್ಕೇ ಕತ್ತಲಾಗಿತ್ತು. ಗಂಡ ಹೆಂಡತಿ ಬಂದರಿನ ದಾರಿಯಲ್ಲಿ ನಡೆದರು. ಬರಿಗೈಯಲ್ಲಿ ಹೋಗಬಾರದೆಂದು ಎಲ್ನಾ ಕೊಟ್ಟ ಆಲೂಗಡ್ಡೆ ಹೆರೆಯುವ ಚಾಕುವೊಂದು ಅವನ ಜೇಬಿನಲ್ಲಿತ್ತು.

"ಐದು ಪೊಟ್ಟಣ ಕಟ್ಟಿದ್ದೆ, ಸೋಫುಸ್," ಎಂದಳು ರಿಗ್ಮೋರ್. "ಬುಟ್ಟೀಲಿ ಆರಿತ್ತು."

ಅವನು ಕೋಟಿನ ಕಾಲರಿನೊಳಗೆ ಕತ್ತು ಹುದುಗಿಸಿದ.

"ಎಷ್ಟು ವರ್ಷದಿಂದ ಹುಡುಕ್ತಿದ್ದೆ?"

"ಇಪ್ಪತ್ತೇಳು."

"ಅಯ್ಯೋ, ಅಲ್ಲೇ ಒಂದು ಮಾತು ಹೇಳಬಾರದಿತ್ತಾ?" ಅವಳು ಅವನ ತೋಳು ಹಿಡಿದಳು. ಮನೆಯ ಬಾಗಿಲಿಗೆ ಬಂದ ಮೇಲೆ ತಡೆಯಲಾಗಲಿಲ್ಲ. "ಆದ್ರೂ ನನಗೆ ಮಾತು ಕೊಟ್ಟು ಮುರಿದೆಯಲ್ಲ!"

ಸೋಫುಸ್ ಬೀಗ ತೆಗೆದು, ಬಾಗಿಲು ಪೂರ್ತಿ ದೂಡಿ, ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.

"ಹೋಗಿ ಹುಡುಕು," ಎಂದ. "ಹೊಸ ಬೆಳ್ಳಿ ಒಂದು ಚೂರು ಸಿಕ್ಕಿದ್ರೆ ಬಂದು ಹೇಳು. ನನಗೂ ಬೇಕಾಗಿದೆ."