ಗೌರಿಯ ಉಡಿ

ಯಾರು ಯಾರನ್ನು ಪ್ರೀತಿಸಿದರೂ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದರೂ ಎಲ್ಲರೂ ಸಮಾನರು ಎನ್ನುವ ಪಾಪ್ ಹಾಡೊಂದರ ಸಿ.ಡಿ.ಯನ್ನು ಕಲಬುರಗಿಯ ಹುಡುಗರು ಮಾಡುತ್ತಿದ್ದರು. ಹಾಡಿದವಳು ಹಾಗೆಯೇ ಹೆಣ್ಣಾಗಿ ಬಾಳುತ್ತಿದ್ದ ಗೌರಿ. ಹಾಡಿನ ಕನ್ನಡ ತಿದ್ದಿಕೊಟ್ಟ ನಾನೂ ಚಿತ್ರೀಕರಣ ನೋಡಲು ಕಮಲಾಪುರಕ್ಕೆ ಹೋಗಿದ್ದೆ.

ಕೊನೆಯ ದೃಶ್ಯದಲ್ಲಿ, ಚಿತ್ರೀಕರಣಕ್ಕೆ ಮನೆ ಬಿಟ್ಟುಕೊಟ್ಟಿದ್ದ ಮನೆಯೊಡತಿ ಗೌರಿಗೆ ಮಗಳಂತೆ ಉಡಿ ತುಂಬಬೇಕಿತ್ತು. ಒಪ್ಪಿದ್ದಾಕೆ ಮೊರ ಹಿಡಿದುಕೊಂಡೇ ಹಿಂದೆ ಸರಿದಳು.

"ಸುಳ್ಳೇ ತುಂಬೋದ್ರೀ ಅಕ್ಕಾರ, ನಾಟಕ ಇದ್ದಂಗ," ಎಂದ ಕ್ಯಾಮೆರಾದವನು.

"ಉಡಿಯಾಗ ಅಕ್ಕಿ ಬಿದ್ದ ಮ್ಯಾಲ ಸುಳ್ಳು ಹೆಂಗಾಗ್ತದೋ? ಆಕಿ ನಮ್ಮನಿ ಮಗಳೇ ಆಗ್ಬಿಡ್ತಾಳ!"

ಗೌರಿ ತಲೆ ತಗ್ಗಿಸಿದಳು. ಮನೆಯೊಡತಿಯ ಮಾತು ನನಗೆ ಪೂರ್ತಿ ಸರಿಯೆನಿಸಿತು.

"ಹಂಗಾದ್ರ ನಮ್ಮನಿ ಮಗಳಾಗ್ಲಿ. ಮೊರ ಇಲ್ಲಿ ಕೊಡ್ರಿ," ಎಂದು ಇಸಿದುಕೊಂಡು ಅಕ್ಕಿ, ಕೊಬ್ಬರಿ, ಕುಬುಸದ ಬಟ್ಟೆಯನ್ನೆಲ್ಲ ಗೌರಿಯ ಸೆರಗಿಗೆ ಹಾಕಿದೆ.

"ಮೇಡಂ, ಇನ್ನೊಮ್ಮೆ ಮಾಡ್ರಿ. ನಿಮ್ಮ ಬೆನ್ನು ಅಡ್ಡ ಬಂತು."

ಗೌರಿ ತುಂಬಿದ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. "ಖಾಲಿ ಮಾಡಂಗಿಲ್ಲಣ್ಣಾ. ನಮ್ಮವ್ವ ತುಂಬ್ಯಾಳ."

ಮನೆಯೊಡತಿಯೇ ಮೊದಲು ನಕ್ಕಳು. ಆಮೇಲೆ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ಗೌರಿಯ ಹಣೆಗೆ ಹಚ್ಚಿದಳು. ಅಷ್ಟರಲ್ಲಿ ಕ್ಯಾಮೆರಾ ನಿಂತಿತ್ತು.

ಹೀಗಾಗಿ ಹಾಡಿನ ಕೊನೆಗೆ ಕಾಣುವುದು ನನ್ನ ಬೆನ್ನು ಮಾತ್ರ. ಅದು ಯಾರ ಬೆನ್ನೆಂದು ಮುಂದಿನವರಿಗೆ ಸಂಶಯ ಬರಬಾರದಲ್ಲ, ಸಿ.ಡಿ. ಕವರಿನ ಮೇಲೆ ಹೆಸರು, ಪದವಿ ಸಮೇತ ಬರೆದಿಟ್ಟಿದ್ದೇನೆ.