ಒಂದನೇ ಕ್ಲಾಸಿನ ಲಿಂಗಾಜಮ್ಮ

ನೀಲಗಿರಿ ಬೆಟ್ಟದ ಕೋತಗಿರಿಯ ಹತ್ತಿರ, ಬಡಗ ಜನರ ಒಂದು ಹಟ್ಟಿಯ ಶಾಲೆಗೆ ಲಿಂಗಾಜಮ್ಮ ಟೀಚರಾಗಿ ಬಂದದ್ದು ೧೯೨೧ರ ಜೂನಿನಲ್ಲಿ. ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಗೂಡಲೂರು ಪೇಟೆಯಲ್ಲಿ ರಾಗಿ, ಬೆಲ್ಲ ಮಾರುತ್ತಿದ್ದ ಮಾದಯ್ಯನವರ ಒಬ್ಬಳೇ ಮಗಳು. ಮಾದಯ್ಯ ಗುಂಡ್ಲುಪೇಟೆ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳನ್ನು ಅವರು ಮೂಲೆಯಲ್ಲಿ ಕೂರಿಸಲಿಲ್ಲ. ಓದಿಸಿ, ಕೊಯಮತ್ತೂರಿಗೆ ಟೀಚರ್ ಟ್ರೈನಿಂಗಿಗೆ ಕಳಿಸಿದರು. ನೆಂಟರು ಆಡಿಕೊಂಡಾಗ ಮಾದಯ್ಯ ನಕ್ಕು, “ಆಡ್ಕಳ್ಲಿ ಬುಡವ್ವ, ಅವ್ರ ಬಾಯ್ಗೂ ಒಂದ್ ಕೆಲ್ಸ ಬ್ಯಾಡ್ವಾ?” ಅಂದರು.

ಶಾಲೆಯಲ್ಲಿ ಇದ್ದದ್ದು ಎರಡು ಕೋಣೆ, ಒಂದು ಜಗಲಿ. ಹೆಡ್‌ಮಾಸ್ಟರ್ ರಂಗನಾಥನ್ ತಂಜಾವೂರಿನ ಕಡೆಯವರು, ಒಳ್ಳೆಯ ಮನುಷ್ಯ, ಚಳಿಗೆ ಸದಾ ಮಫ್ಲರ್ ಸುತ್ತಿಕೊಂಡೇ ಇರುವವರು. ಮೊದಲ ದಿನವೇ ಅವರು ಹೇಳಿದರು: “ಹೊಸಬರಿಗೆ ಒಂದನೇ ಕ್ಲಾಸು, ಟೀಚರಮ್ಮ. ಚೆನ್ನಾಗಿ ನಡೆಸಿದರೆ ಎರಡನೆಯದಕ್ಕೆ ಏರಿಸ್ತೀನಿ.”

ಜಗಲಿಯೇ ಒಂದನೇ ಕ್ಲಾಸು. ಅಲ್ಲಿ ಮೂವತ್ತು ಮಕ್ಕಳು. ಮನೆಯಲ್ಲಿ ಅವರು ಆಡುವುದು ಬಡಗ ಮಾತು, ಪುಸ್ತಕದಲ್ಲಿ ಇರುವುದು ತಮಿಳು. ಲಿಂಗಾಜಮ್ಮ ಕೊಯಮತ್ತೂರಿನಲ್ಲಿ ಕಲಿತಂತೆ ತಮಿಳಿನಲ್ಲಿ ಪಾಠ ಹೇಳಿದಳು. ಮಕ್ಕಳು ಕೈಕಟ್ಟಿಕೊಂಡು ಸುಮ್ಮನೆ ನೋಡಿದವು. ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಮೇಯಲು ಬಂದ ಎಮ್ಮೆಯೊಂದು ಜಗಲಿಗೆ ತಲೆ ಹಾಕಿ, ಹಲಗೆಯ ಮೇಲಿನ ಅಕ್ಷರವನ್ನೆಲ್ಲ ನೆಕ್ಕಿಬಿಟ್ಟಿತು. ಅಷ್ಟು ಹೊತ್ತು ಮೂಕರಾಗಿದ್ದವರೆಲ್ಲ ಹೋ ಎಂದು ಕೂಗಿ ಎಮ್ಮೆಯ ಹಿಂದೆ ಓಡಿದರು. ಲಿಂಗಾಜಮ್ಮನೂ ಸೆರಗು ಸಿಕ್ಕಿಸಿಕೊಂಡು ಓಡಿದಳು. ಆಲೂಗಡ್ಡೆ ಹೊಲದ ಅಂಚಿನಲ್ಲಿ ಏದುಸಿರು ಬಿಡುತ್ತ ನಿಂತಾಗ ತಮಿಳು ಮರೆತೇಹೋಗಿ ಮನೆಯ ಕನ್ನಡವೇ ಬಾಯಿಗೆ ಬಂತು.

“ಲೋ, ಯಾರ್ ಮನೆ ಎಮ್ಮೆರೋ ಇದು? ಎಷ್ಟ್ ಹಾಲ್ ಕೊಟ್ಟದು?”

ಮಕ್ಕಳು ಗಕ್ಕನೆ ತಿರುಗಿ ಅವಳ ಮುಖ ನೋಡಿದವು. ತಂಗಮಣಿ ಎಂಬ ಐದು ವರ್ಷದ ಹುಡುಗಿ ಕಣ್ಣರಳಿಸಿ ಕೂಗಿದಳು, “ಎಮ್ಮ ಮಾತೇ!”

ಪೂರ್ತಿ ಅವರ ಮಾತಲ್ಲ, ಅದರ ನೆರೆಮನೆಯ ಮಾತು. ಆದರೂ ಅವತ್ತು ಮಧ್ಯಾಹ್ನದ ಹೊತ್ತಿಗೆ ಲಿಂಗಾಜಮ್ಮನಿಗೆ ಹಟ್ಟಿಯ ಅಷ್ಟೂ ಎಮ್ಮೆಗಳ ಹೆಸರು ಗೊತ್ತಾಗಿತ್ತು.

ಅಲ್ಲಿಂದ ಕ್ಲಾಸಿನ ರೀತಿಯೇ ಬದಲಾಯಿತು. ಲೆಕ್ಕಕ್ಕೆ ಆಲೂಗಡ್ಡೆ, ಅಕ್ಷರಕ್ಕೆ ಅಂಗಳದ ಮಣ್ಣು. ಎರಡು ವರ್ಷ ಕಳೆದ ಮೇಲೆ ಹೆಣ್ಣುಮಕ್ಕಳ ಶಾಲೆಗಳನ್ನು ನೋಡಿಕೊಳ್ಳುವ ಇನ್ಸ್‌ಪೆಕ್ಟ್ರೆಸ್ ಒಬ್ಬರು ಬಂದರು. ಹತ್ತು ನಿಮಿಷಕ್ಕೆಂದು ಬಂದವರು ಮಧ್ಯಾಹ್ನದವರೆಗೂ ಜಗಲಿಯ ಮೇಲೇ ಕೂತರು. ಹೊರಡುವಾಗ ಕೇಳಿದರು, “ಮದರಾಸಿನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವುದಕ್ಕೇ ಅಂತ ಒಂದು ವರ್ಷದ ಟ್ರೈನಿಂಗ್ ಇದೆ. ಕಿಂಡರ್‌ಗಾರ್ಟನ್ ಅನ್ನುತ್ತಾರೆ. ಹೋಗ್ತೀಯಾ ಅಮ್ಮಾ?”

ರಂಗನಾಥನ್ ಅವರಿಗೆ ಈ ಮಾತು ಹಿಡಿಸಲಿಲ್ಲ. ಇನ್ಸ್‌ಪೆಕ್ಟ್ರೆಸ್ ಹೋದ ಮೇಲೆ ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡು ಹೇಳಿದರು: “ಓದೋದಾದರೆ ಹೈಯರ್ ಗ್ರೇಡ್ ಓದಿ. ಐದನೇ ಕ್ಲಾಸಿಗೆ ಹೋಗಬಹುದು, ಊಟಿಯ ದೊಡ್ಡ ಶಾಲೆಗೂ ಹೋಗಬಹುದು. ಅ, ಆ ಹೇಳಿಕೊಡೋದಕ್ಕೆ ಮದರಾಸಿನ ಓದು ಯಾಕಮ್ಮ?”

“ಅ, ಆ ಹೇಳ್ಕೊಡೋದೇ ಕಷ್ಟ ಸಾರ್. ಐದನೇ ಕ್ಲಾಸಿನ ಮಗು ನಾನು ತಪ್ಪು ಮಾಡಿದ್ರೂ ಪುಸ್ತಕ ನೋಡ್ಕೊಂಡು ಕಲಿಯುತ್ತೆ. ಇವಕ್ಕೆ ನನ್ನ ಬಿಟ್ರೆ ಪುಸ್ತಕ ಇಲ್ಲ.”

ಹೆಡ್‌ಮಾಸ್ಟರ್ ಅವಳ ಅರ್ಜಿಗೆ ಸಹಿ ಹಾಕಿಕೊಟ್ಟರು.

ಗೂಡಲೂರಿಗೆ ಹೋಗಿ ಹೇಳಿದಾಗ ಮಾದಯ್ಯ ತಕ್ಕಡಿ ಒರೆಸುತ್ತ, “ಇನ್ನೂ ಓದದಾ ಮಗ? ಮೇಷ್ಟ್ರಾದ ಮ್ಯಾಲೂ?” ಅಂದರು. ಆಮೇಲೆ ತಾವೇ, “ಹೋಗವ್ವ, ಸಮುದ್ರನಾರೂ ನೋಡ್ದಂಗಾಯ್ತದೆ” ಅಂದರು. ಹಟ್ಟಿಯ ಹೆಂಗಸರು ಒಂದು ಮೂಟೆ ಆಲೂಗಡ್ಡೆ ತಂದು ಅವಳ ಮುಂದಿಟ್ಟರು. ಮದರಾಸಿನಲ್ಲಿ ತಿನ್ನಲು ಏನೂ ಸಿಗುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರಂತೆ.

ಮದರಾಸಿನ ಸೆಕೆಗೆ ಮೊದಲ ತಿಂಗಳು ಅವಳು ಬೆಂದುಹೋದಳು. ಆದರೆ ಆ ಓದು! ಮರದ ಚೌಕಗಳಿಂದ ಮನೆ ಕಟ್ಟುವುದು, ಬಣ್ಣದ ಕಾಗದದ ಪಟ್ಟಿಗಳಿಂದ ಚಾಪೆ ಹೆಣೆಯುವುದು, ಮಗು ಯಾವಾಗ ಸುಮ್ಮನಿರುತ್ತದೆ, ಯಾಕೆ ಸುಮ್ಮನಿರುತ್ತದೆ ಎಂದು ಗಮನಿಸಿ ಬರೆದಿಡುವುದು. ತಾನು ಜಗಲಿಯಲ್ಲಿ ತಡವರಿಸುತ್ತ ಕಂಡುಕೊಂಡ ಎಷ್ಟೋ ಸಂಗತಿಗಳನ್ನು ಯಾವುದೋ ದೇಶದಲ್ಲಿ ಯಾರೋ ಕೂತು ಆಗಲೇ ಯೋಚಿಸಿದ್ದಾರೆ ಎಂದು ತಿಳಿದಾಗ ಅವಳಿಗೆ ದೂರದ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಅವಳಿಗೆ ಇದ್ದ ಒಂದೇ ಕಷ್ಟವೆಂದರೆ ತಮಿಳು. ಜೊತೆಯವರು ಅವಳ ಉಚ್ಚಾರಕ್ಕೆ ಮುಸಿಮುಸಿ ನಗುತ್ತಿದ್ದರು.

ಕೊನೆಯ ಪರೀಕ್ಷೆ ಎಂದರೆ ನಿಜವಾದ ಮಕ್ಕಳಿಗೆ ಪಾಠ ಮಾಡುವುದು. ಇಪ್ಪತ್ತು ಮಕ್ಕಳು, ಹಿಂದೆ ಮೂವರು ಪರೀಕ್ಷಕರು. ಅವಳ ಪಾಲಿಗೆ ಬಂದದ್ದು ಹಾಲಿನ ಪಾಠ. ಲಿಂಗಾಜಮ್ಮ ಚೊಂಬನ್ನು ಎತ್ತಿ ಹಿಡಿದಳು. ಒಂದು ವಾರ ಬಾಯಿಪಾಠ ಮಾಡಿದ ತಮಿಳೆಲ್ಲ ಹಾರಿಹೋಗಿ ಬಾಯಿಂದ ಬಿದ್ದದ್ದು, “ಇದು ಹಾಲು.”

ಮುಂದಿನ ಸಾಲಿನ ಹುಡುಗನೊಬ್ಬ ಕಿಸಕ್ಕನೆ ನಕ್ಕ. “ಹಾಲ್ ಇಲ್ಲೈ ಟೀಚರ್, ಪಾಲ್!”

ಅವಳ ಕಿವಿ ಬಿಸಿಯಾಯಿತು. ಆದರೆ ಆ ಹುಡುಗನ ಮುಖದಲ್ಲಿ ಟೀಚರಿಗೇ ಕಲಿಸಿದ ಹೆಮ್ಮೆ ಎಷ್ಟಿತ್ತೆಂದರೆ, ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ.

“ಓ, ಪಾಲ್! ಹಾಗಾದರೆ ನಮ್ಮೂರಿನ ಹೂವು?”

“ಪೂ!” ಎಂದು ನಾಲ್ಕೈದು ಮಕ್ಕಳು ಕೂಗಿದವು.

“ಹುಲಿ?”

“ಪುಲಿ!” ಈಗ ಎಲ್ಲರೂ.

“ಹಲ್ಲು?” ಅವಳು ಹಲ್ಲು ತೋರಿಸಿದಳು.

“ಪಲ್ಲು!”

“ಹಾವು?” ಎಂದು ಕೈಯನ್ನು ಹೆಡೆಯಂತೆ ಎತ್ತಿದಳು.

“ಪಾವು!” ಎಂದು ಅರ್ಧ ಮಕ್ಕಳು, “ಪಾಂಬು!” ಎಂದು ಇನ್ನರ್ಧ. ಪಾವು ಎಂದವರು ತಮ್ಮ ತಪ್ಪಿಗೆ ತಾವೇ ಬಿದ್ದು ಬಿದ್ದು ನಕ್ಕರು. ಪರೀಕ್ಷಕರಲ್ಲಿ ಹಿರಿಯರಾದ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅರ್ಧ ಗಂಟೆಯಲ್ಲಿ ಆ ಮಕ್ಕಳು ಹಾಲು, ಮೊಸರು, ಬೆಣ್ಣೆ ಎಲ್ಲವನ್ನೂ ಲಿಂಗಾಜಮ್ಮನಿಗೆ ತಮಿಳಿನಲ್ಲಿ ಕಲಿಸಿದರು. ಕಲಿಸುತ್ತ ತಾವೂ ಕಲಿತರು. ಫಲಿತಾಂಶ ಬಂದಾಗ ಪಾಠ ಮಾಡುವುದರಲ್ಲಿ ಅವಳೇ ಮೊದಲು.

ಅದೇ ಆಟವನ್ನು ಅವಳು ಬೆಟ್ಟಕ್ಕೆ ತಂದಳು. ಬಡಗ ಮಕ್ಕಳ ಹಾಲೂ ಹಾಲೇ, ಹುಲಿಯೂ ಹುಲಿಯೇ. “ನಮ್ಮ ಹಾಲು ಊಟಿ ಪೇಟೆಗೆ ಹೋದರೆ?” ಎಂದರೆ “ಪಾಲ್!” ಎಂದು ಜಗಲಿ ಕೂಗುತ್ತಿತ್ತು. ಆ ವರ್ಷ ತಮಿಳು ಪುಸ್ತಕಕ್ಕೆ ಹೆದರಿ ಶಾಲೆ ಬಿಟ್ಟವರು ಯಾರೂ ಇಲ್ಲ. ಕೈಕೆಲಸಕ್ಕೆ ಹೆಸರಾದ ಕೋತ ಜನರ ಪಕ್ಕದ ಊರಿನ ಮರಗೆಲಸದವನು ಮದರಾಸಿನ ಚೌಕಗಳ ಚಿತ್ರ ನೋಡಿ, ಅದಕ್ಕಿಂತ ನುಣುಪಾದ ಚೌಕಗಳನ್ನು ಕೆತ್ತಿಕೊಟ್ಟ. ರಂಗನಾಥನ್ ಒಂದು ಸಂಜೆ ಯಾರೂ ಇಲ್ಲದಾಗ ಅವುಗಳಿಂದ ದೇವಸ್ಥಾನದ ಗೋಪುರ ಕಟ್ಟುತ್ತಿದ್ದುದನ್ನು ಲಿಂಗಾಜಮ್ಮ ನೋಡಿ, ನೋಡದವಳಂತೆ ಹೋದಳು.

೧೯೩೧ರಲ್ಲಿ ರಂಗನಾಥನ್ ನಿವೃತ್ತರಾಗಿ ಹೆಡ್‌ಮಿಸ್ಟ್ರೆಸ್ ಕೆಲಸ ಅವಳಿಗೆ ಬಂತು. ಒಂದನೇ ಕ್ಲಾಸು ತನ್ನ ಹತ್ತಿರವೇ ಇರಬೇಕು ಎಂಬ ಷರತ್ತಿನ ಮೇಲೆ ಒಪ್ಪಿಕೊಂಡಳು. ಸ್ವಲ್ಪ ದಿನದಲ್ಲೇ ಮದರಾಸಿನಿಂದ ಅಧಿಕಾರಿಯೊಬ್ಬರು ಬಂದರು. ಆಫೀಸು ಕೋಣೆಯ ಕುರ್ಚಿ ಖಾಲಿ. ಜಗಲಿಯಲ್ಲಿ ನೆಲದ ಮೇಲೆ ಕೂತು ಮಗುವಿನ ಮೂಗು ಒರೆಸುತ್ತಿದ್ದ ಹೆಂಗಸನ್ನು ನೋಡಿ, “ಆಯಾ, ಹೆಡ್‌ಮಿಸ್ಟ್ರೆಸ್ಸನ್ನು ಕರಿ” ಅಂದರು.

“ಕೂತ್ಕೊಳ್ಳಿ ಸಾರ್, ಈ ಮೂಗೊಂದು ಮುಗಿಸಿ ಬರ್ತೀನಿ.”

ಅವರಿಗೆ ವಿಷಯ ತಿಳಿಯುವಷ್ಟರಲ್ಲಿ ಹುಡುಗಿಯೊಬ್ಬಳು ಕಾಗದದ ಪಟ್ಟಿಗಳನ್ನು ಅವರ ಮಡಿಲಿಗೆ ಹಾಕಿ ಎದುರು ಕೂತಿದ್ದಳು. ಕೋಟು ಹಾಕಿದ್ದ ಆ ದೊಡ್ಡ ಮನುಷ್ಯ ಚಾಪೆ ಹೆಣೆಯಲು ಹೋಗಿ ಮೂರು ಸಲ ತಪ್ಪಿದರು. ಹುಡುಗಿ ಮೂರು ಸಲವೂ ತಾಳ್ಮೆಯಿಂದ ಬಿಚ್ಚಿಕೊಟ್ಟಳು.

“ಇಷ್ಟು ಓದಿ ಇನ್ಸ್‌ಪೆಕ್ಟ್ರೆಸ್ ಆಗಬಹುದಿತ್ತಲ್ಲ?” ಎಂದು ಹೊರಡುವಾಗ ಕೇಳಿದರು.

“ಆಗ ನೂರು ಶಾಲೆ ನೋಡ್ತಿದ್ದೆ ಸಾರ್, ಒಂದು ಮಗೂನೂ ನೋಡ್ತಿರ್ಲಿಲ್ಲ. ನನ್ನ ಮೇಲಕ್ಕೆ ಏರಿಸೋ ಬದಲು ಟ್ರೈನಿಂಗ್ ಆದ ಹುಡುಗಿಯರನ್ನ ಇಲ್ಲಿಗೆ ಕಳ್ಸಿ. ಈ ಕೆಲಸ ಜಗಲಿ ಮೇಲೇ ಕಲೀಬೇಕು.”

ಮರುವರ್ಷದಿಂದ ಕೂನೂರು, ದೇವಾಲ ಕಡೆಯ ಹೊಸ ಟೀಚರುಗಳು ಇಬ್ಬಿಬ್ಬರಾಗಿ ಬಂದು ಅವಳ ಜೊತೆ ಒಂದೊಂದು ತಿಂಗಳು ನೆಲದ ಮೇಲೆ ಕೂತರು. ಮೊದಲ ಇಬ್ಬರನ್ನು ಕಳಿಸುವ ಆರ್ಡರಿನ ಜೊತೆ ಲಕೋಟೆಯಲ್ಲಿ ಒಂದು ಕಾಗದದ ಚಾಪೆಯೂ ಇತ್ತು. ಅಂಚು ಸೊಟ್ಟ, ಆದರೆ ಹೆಣಿಗೆ ಎಲ್ಲೂ ತಪ್ಪಿರಲಿಲ್ಲ. ಹಿಂದುಗಡೆ ತಮಿಳಿನಲ್ಲಿ ಬರೆದಿತ್ತು: ‘ನನ್ನ ಟೀಚರಿಗೆ ತೋರಿಸಿ.’ ಲಿಂಗಾಜಮ್ಮ ಅದನ್ನು ಅಂದು ಅಧಿಕಾರಿಗೆ ಹೆಣೆಯಲು ಕಲಿಸಿದ್ದ ಪುಟ್ಟ ಹುಡುಗಿಯ ಕೈಗೆ ಕೊಟ್ಟಳು. ಅವಳು ತಿರುಗಿಸಿ ಮುರುಗಿಸಿ ನೋಡಿ, “ಪರವಾಗಿಲ್ಲ” ಅಂದಳು.